ಪಿಕಪ್ಪಿನ ನಿಜದ ಗೇರು, ತೋರಿಕೆಯ ಗೇರು



ಹೈಬ್ರಿಡ್ ಎಂಬ ಮಾತು ತಮಗೆ ಹೊಸದಲ್ಲ. ಹೈಬ್ರಿಡ್ ಮುಸುಕಿನ ಜೋಳ, ಹೈಬ್ರಿಡ್ ಟೊಮೇಟೊ, ಎಲ್ಲವನ್ನೂ ಬೆಳೆದು ನೋಡಿದವರು ತಾವು. ಎರಡು ತಳಿ ಕೂಡಿಸಿ ಮೂರನೆಯದನ್ನು ತೆಗೆದರೆ ಅದಕ್ಕೆ ಹೈಬ್ರಿಡ್ ಎನ್ನುತ್ತೇವೆ. ಈಗ ಈ ಮಾತು ಹೊಲ ಬಿಟ್ಟು ರಸ್ತೆಗೆ ಇಳಿದಿದೆ. ಎಂಜಿನ್ನೂ ಉಂಟು, ವಿದ್ಯುತ್ ಮೋಟಾರೂ ಉಂಟು, ಎರಡೂ ಸೇರಿ ಎಳೆಯತಕ್ಕ ಬಂಡಿಯೇ ಹೈಬ್ರಿಡ್ ಬಂಡಿ. ಈ ದಿನ ಅದರ ಗೇರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಬೆಳೆದದ್ದನ್ನು ಮಾರುಕಟ್ಟೆಗೆ ಮುಟ್ಟಿಸುವುದೂ ಬೇಸಾಯದ ಒಂದು ಭಾಗವೇ ಅಷ್ಟೆ.

ಈ ಮಾತು ಬಂದದ್ದು ನನ್ನ ಸೋದರಳಿಯನಿಂದ. ಅವನದು ಪಾವಗಡದ ಕಡೆಯ ಊರು. ತಿರುಮಣಿಯ ಸುತ್ತ ೨,೦೫೦ ಮೆಗಾವಾಟಿನ ಸೌರ ಪಾರ್ಕು ಎದ್ದಿದೆಯಲ್ಲ, ೨೦೧೮ರಲ್ಲಿ ಶುರುವಾದದ್ದು, ಅದಕ್ಕೆ ಅವರ ಮನೆಯ ಜಮೀನನ್ನೂ ಗುತ್ತಿಗೆಗೆ ಕೊಟ್ಟಿದ್ದಾರೆ. ವರ್ಷ ವರ್ಷ ಬಾಡಿಗೆ ಬರುತ್ತದೆ. ಆ ಹಣವನ್ನು ಮುಂಗಡವಾಗಿ ಕಟ್ಟಿ, ಉಳಿದದ್ದಕ್ಕೆ ಸಾಲ ಮಾಡಿ, ಹೊಸ ಪಿಕಪ್ ತೆಗೆಯಬೇಕೆಂಬುದು ಅವನ ಹಂಬಲ. ಮಧುಗಿರಿಗೆ ಬಂದವನು ಮೊಬೈಲು ತೆಗೆದು ಅಮೆರಿಕದ ಒಂದು ಪಿಕಪ್ಪಿನ ಚಿತ್ರ ತೋರಿಸಿದ.

"ಮಾವ, ಇದ್ರಲ್ಲಿ ಸ್ಪೋರ್ಟ್ ಅಂತ ಒಂದು ಗುಂಡಿ ಐತಂತೆ. ಒತ್ತಿದ್ರೆ ಸಾಕು, ಎಗರ್ಕೊಂಡು ಹೋಗ್ತದಂತೆ. ಇಂಥ ಬಂಡಿಗಳಲ್ಲಿ ಸ್ಟಿಯರಿಂಗ್ ಹಿಂದೆ ಎರಡು ರೆಕ್ಕೆ ಇರ್ತವಂತೆ, ಬೆರಳಲ್ಲೇ ಗೇರು ಬದಲಾಯಿಸ್ಬೋದಂತೆ. ಇಂಥದ್ದು ಇಲ್ಲಿಗೂ ಬರ್ತದೆ ಅಂತಾರೆ, ಕಾಯ್ಲಾ?"

"ಅದ್ರಾಗೆ ಗೇರು ಎಲ್ಲೈತೋ?" ಅಂದೆ. ಅವನಿಗೆ ನಗು ಬಂತು. ನಾನು ತಮಾಷೆಗೆ ಹೇಳಿದ ಮಾತಲ್ಲ.

ಅವನು ತೋರಿಸಿದ್ದು ಫೋರ್ಡ್ ಮಾವೆರಿಕ್ ಎಂಬ ಸಣ್ಣ ಪಿಕಪ್ಪು, ೨೦೨೧ರಲ್ಲಿ ಬಂದದ್ದು. ಅದರೊಳಗೆ ನಮ್ಮ ಡೀಸೆಲ್ ಬಂಡಿಯಲ್ಲಿರುವಂತೆ ಒಂದು, ಎರಡು, ಮೂರು ಎಂದು ಹಲ್ಲುಚಕ್ರಗಳ ಸಾಲು ಇಲ್ಲ. ನಡುವೆ ಒಂದು ಚಕ್ರ, ಅದರ ಸುತ್ತ ತಿರುಗುವ ಮರಿಚಕ್ರಗಳು, ಹೊರಗೆ ಬಳೆಯಂಥ ಒಂದು ಚಕ್ರ, ಇಷ್ಟೇ ಕಟ್ಟು. ಒಂದಕ್ಕೆ ಎಂಜಿನ್ನು, ಇನ್ನೊಂದಕ್ಕೆ ವಿದ್ಯುತ್ತು ಮಾಡುವ ಯಂತ್ರ, ಮತ್ತೊಂದಕ್ಕೆ ಎಳೆಯುವ ಮೋಟಾರು ಮತ್ತು ಬಂಡಿಯ ಗಾಲಿ. ಯಾವುದು ಎಷ್ಟು ತಿರುಗಬೇಕೆಂಬುದನ್ನು ಕಂಪ್ಯೂಟರು ಗೊತ್ತುಮಾಡುತ್ತದೆ. ೨೦೨೨ರ ನವೆಂಬರಿನಲ್ಲಿ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯವರು ಹೊರತಂದ ಇನ್ನೋವಾ ಹೈಕ್ರಾಸ್ ಕಾರಿನ ಹೈಬ್ರಿಡ್ ಜಾತಿಯಲ್ಲಿಯೂ ಇದೇ ಬಗೆಯ ಏರ್ಪಾಡು.

ಜೋಡೆತ್ತಿನ ಬಂಡಿ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಂಜಿನ್ನು ವಯಸ್ಸಾದ ಎತ್ತು. ಒಂದೇ ಹದದಲ್ಲಿ ನಡೆದರೆ ಮೇವು ಕಡಿಮೆ, ಕೆಲಸ ಹೆಚ್ಚು. ಮೋಟಾರು ಹುರುಪಿನ ಹೋರಿ. ನಿಂತ ಬಂಡಿಯನ್ನು ಮೊದಲ ಎಳೆತಕ್ಕೇ ಕದಲಿಸುತ್ತದೆ. ನೊಗದಲ್ಲಿ ಇವೆರಡೂ ಒಂದಕ್ಕೊಂದು ಅನುಸರಿಸಿಕೊಂಡು ಹೋಗುತ್ತವೆ. ಮೆಟ್ಟಿಲಿನ ಹಾಗೆ ಗೇರು ಹತ್ತಿ ಇಳಿಯುವ ಪ್ರಮೇಯವೇ ಇಲ್ಲ.

ಹಾಗಾದರೆ ಆ ಬೆರಳಿನ ರೆಕ್ಕೆಗಳು ಯಾತಕ್ಕೆ? ಇಂಥ ಬಂಡಿ ದಿಣ್ಣೆ ಹತ್ತುವಾಗ ಎಂಜಿನ್ನು ಒಂದೇ ಸ್ವರದಲ್ಲಿ ಗುಂಯ್ಯೆನ್ನುತ್ತಿರುತ್ತದೆ. ಗೇರಿನ ಸದ್ದಿಗೆ ಒಗ್ಗಿದ ಕಿವಿಗೆ ಇದು ಹಿಡಿಸಲಿಲ್ಲ. ಆದ್ದರಿಂದ ಕೆಲವು ಕಂಪನಿಯವರು ಇಲ್ಲದ ಮೆಟ್ಟಿಲುಗಳನ್ನು ಕಂಪ್ಯೂಟರಿನಿಂದ ಕಟ್ಟಿದರು. ರೆಕ್ಕೆ ಎಳೆದರೆ ಎಂಜಿನ್ನಿನ ಸುತ್ತು ತಟ್ಟನೆ ಏರುತ್ತದೆ ಇಲ್ಲವೆ ಇಳಿಯುತ್ತದೆ, ಗೇರು ಬಿದ್ದ ಹಾಗೆಯೇ ಅನ್ನಿಸುತ್ತದೆ. ಹೋಂಡಾದವರು ೨೦೨೫ರ ಪ್ರಿಲ್ಯೂಡ್ ಎಂಬ ಹೈಬ್ರಿಡ್ ಕಾರಿನಲ್ಲಿ ಇಂಥ ಎಂಟು ತೋರಿಕೆಯ ಗೇರುಗಳನ್ನು ಇಟ್ಟಿದ್ದಾರೆ. ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟಿದರೆ ಎತ್ತಿಗೆ ಬಲ ಬಾರದು, ಹೊಡೆಯುವವನಿಗೆ ಹುಮ್ಮಸ್ಸು ಬರುತ್ತದೆ. ಇದೂ ಅದೇ ಲೆಕ್ಕ. ಶೋಕಿಯ ಕಾರಿಗೆ ಇರಲಿ, ನನ್ನ ತಕರಾರಿಲ್ಲ.

ಸ್ಪೋರ್ಟ್ ಗುಂಡಿಯೂ ಹೊಸ ಬಲ ತರುವಂಥದ್ದಲ್ಲ. ಎಕ್ಸಿಲೇಟರನ್ನು ಅರ್ಧ ಒತ್ತಿದರೆ ಮುಕ್ಕಾಲು ಒತ್ತಿದಂತೆ ಬಂಡಿ ತಿಳಿದುಕೊಳ್ಳುತ್ತದೆ, ಎಂಜಿನ್ನನ್ನು ನಿಲ್ಲಿಸದೆ ಸಿದ್ಧವಾಗಿ ಇಟ್ಟುಕೊಳ್ಳುತ್ತದೆ. ಎಣ್ಣೆ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಪೂರ್ತಿ ಒತ್ತಿದಾಗ ಇರುವ ಶಕ್ತಿ ಗುಂಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕಡಲೆಕಾಯಿ ಮೂಟೆಗಾದರೆ ಚಿಂತೆಯಿಲ್ಲ, ಟೊಮೇಟೊ ಕ್ರೇಟು ಹೇರಿಕೊಂಡವನು ಈ ಗುಂಡಿ ಒತ್ತಿ ಒಂದೆರಡು ಸಲ ಜಗ್ಗಿದರೆ ತಳದ ಹಣ್ಣು ರಸವಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಹತ್ತುವ ಮಾತು. ಇಳಿಯುವ ಮಾತು ಬೇರೆ, ಅದೇ ಮುಖ್ಯ.

ಅಳಿಯನಿಗೆ ಈಗ ಒಂದು ಹಳೆಯ ಡೀಸೆಲ್ ಪಿಕಪ್ಪಿದೆ. ಹೋದ ಸುಗ್ಗಿಯಲ್ಲಿ ಕಡಲೆಕಾಯಿ ಹೇರಿಕೊಂಡು ಪಾವಗಡದಿಂದ ಮಧುಗಿರಿಯ ಹಾದಿ ಹಿಡಿದಾಗ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಒಂದು ಇಳಿಜಾರು ಬಂತು. ಇವನು ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿಬಿಟ್ಟ. "ಡೀಸೆಲ್ ಉಳೀತದೆ ಮಾವ" ಅಂದ. ಬಂಡಿ ಸುಮ್ಮನೆ ಜಾರುತ್ತಾ ವೇಗ ಹಿಡಿಯಿತು. ತಿರುವು ಕಳೆದರೆ ಎದುರಿಗೆ ಕುರಿಮಂದೆ, ರಸ್ತೆಯ ಅಗಲಕ್ಕೂ. ಬ್ರೇಕು ತುಳಿದ, ಮತ್ತೆ ತುಳಿದ. ನಿಂತಾಗ ಮೊದಲ ಕುರಿಗೂ ಬಂಪರಿಗೂ ಮಾರು ದೂರವಿತ್ತು. ಗಾಲಿಯಿಂದ ಸುಟ್ಟ ವಾಸನೆ. ಕುರಿ ಕಾಯುವ ಹುಡುಗ ನಮ್ಮನ್ನು ಬಯ್ಯಲೂ ಇಲ್ಲ, ಸುಮ್ಮನೆ ನೋಡಿದ. ಆ ನೋಟ ನನಗೆ ಇನ್ನೂ ಮರೆತಿಲ್ಲ.

ಡೀಸೆಲ್ ಉಳಿಯುತ್ತದೆಂಬುದೂ ಸುಳ್ಳು. ಈಗಿನ ಡೀಸೆಲ್ ಎಂಜಿನ್ನುಗಳಲ್ಲಿ ಗೇರು ಇಟ್ಟುಕೊಂಡೇ ಕಾಲು ತೆಗೆದರೆ ಒಳಕ್ಕೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಗಾಲಿಯೇ ಎಂಜಿನ್ನನ್ನು ತಿರುಗಿಸುತ್ತದೆ, ಆ ಭಾರವೇ ಬಂಡಿಯನ್ನು ಹಿಡಿಯುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೋ, ಎಂಜಿನ್ನು ನಿಲ್ಲದೆ ಇರಲು ತಾನೇ ಉರಿಯಬೇಕು, ಆಗ ಡೀಸೆಲ್ ಖರ್ಚು. ಎಂಜಿನ್ನನ್ನೇ ಆರಿಸಿ ಜಾರಿಸುವ ಮಹಾನುಭಾವರೂ ಇದ್ದಾರೆ. ಅವರಿಗೆ ಬ್ರೇಕಿನ ಸಹಾಯವೂ ಹೋಗುತ್ತದೆ, ಸ್ಟಿಯರಿಂಗೂ ಬಿಗಿಯುತ್ತದೆ. ಯಾವ ಗೇರಿನಲ್ಲಿ ಆ ದಿಣ್ಣೆ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯುವುದು ಹಳೆಯ ಲಾರಿ ಡ್ರೈವರುಗಳ ರೂಢಿ. ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಬೇಕು, ನಡುವೆ ತಡಕಾಡಬಾರದು.

ಹೈಬ್ರಿಡ್ಡಿನ ತೋರಿಕೆಯ ಗೇರು ನಿಜವಾಗುವುದು ಇಲ್ಲಿಯೇ. ಇಳಿಜಾರಿನಲ್ಲಿ ಅದರ ಮೋಟಾರು ಉಲ್ಟಾ ಕೆಲಸ ಮಾಡಿ, ಗಾಲಿಯ ಓಟದಿಂದ ವಿದ್ಯುತ್ತು ತೆಗೆದು ಬ್ಯಾಟರಿಗೆ ತುಂಬುತ್ತದೆ; ತುಂಬುವಾಗ ಬಂಡಿಯನ್ನು ಹಿಡಿಯುತ್ತದೆ. ಕೆಳಗಿನ ಗೇರಿನ ರೆಕ್ಕೆ ಎಳೆದರೆ, ಅಥವಾ ಕೆಲವು ಬಂಡಿಗಳಲ್ಲಿರುವ ಬಿ ಇಲ್ಲವೆ ಎಲ್ ಎಂಬ ಅಕ್ಷರಕ್ಕೆ ತಿರುಗಿಸಿದರೆ, ಹಿಡಿತ ಜೋರಾಗುತ್ತದೆ. ಹತ್ತುವಾಗ ಗೆಜ್ಜೆಯಾಗಿದ್ದದ್ದು ಇಳಿಯುವಾಗ ಹಗ್ಗವಾಗುತ್ತದೆ.

ಆದರೆ ಅದಕ್ಕೂ ಮಿತಿಯಿದೆ. ಮಾವೆರಿಕ್ಕಿನ ಬ್ಯಾಟರಿ ಹಿಡಿಯುವುದು ಸುಮಾರು ೧.೧ ಯೂನಿಟ್ಟು, ಅದರಲ್ಲಿಯೂ ಸ್ವಲ್ಪ ಸದಾ ತುಂಬಿಯೇ ಇರುತ್ತದೆ. ಎರಡೂವರೆ ಟನ್ ತೂಕದ ಬಂಡಿ ನೂರು ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ೦.೬೮ ಯೂನಿಟ್ಟು. ರಸ್ತೆಗೆ ಗಾಳಿಗೆ ಹೋದದ್ದನ್ನು ಕಳೆದರೂ, ದೇವರಾಯನದುರ್ಗದಂಥ ಬೆಟ್ಟ ಇಳಿಯುವಾಗ ಅರ್ಧ ದಾರಿಯಲ್ಲಿಯೇ ಬ್ಯಾಟರಿ ತುಂಬಿ ಸಾಕೆನ್ನಬಹುದು. ಆಗ ಕಂಪ್ಯೂಟರು ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಅದರ ಭಾರದಿಂದ ಬಂಡಿ ಹಿಡಿಯುತ್ತದೆ. ಒಮ್ಮೆಗೇ ಸದ್ದು ಏರುತ್ತದೆ. ಏನೋ ಕೆಟ್ಟಿತೆಂದು ಗಾಬರಿಯಾಗಿ ಲಿವರು ಎಳೆದಾಡಬೇಡಿ.

ಇನ್ನು ಕೊಳ್ಳುವ ವಿಚಾರ. ಹೈಬ್ರಿಡ್ ಎಣ್ಣೆ ಉಳಿಸುವುದು ನಿಂತು ನಿಂತು ಹೋಗುವ ಕಡೆ. ಕೊರಟಗೆರೆಯಿಂದ ಹೂವು ಹೇರಿಕೊಂಡು ನೆಲಮಂಗಲ ದಾಟಿ ಬೆಂಗಳೂರಿನ ಕೆ. ಆರ್. ಮಾರುಕಟ್ಟೆಯ ಸಂದಣಿಗೆ ಸಿಕ್ಕುವವನಿಗೆ ಲಾಭ ಕಾಣಬಹುದು. ಸಿರಾದಿಂದ ಹೆದ್ದಾರಿಯಲ್ಲಿ ಒಂದೇ ಓಟಕ್ಕೆ ಹೋಗುವವನಿಗೆ ಅಷ್ಟು ಕಾಣದು. ಹೊರುವ ತೂಕವನ್ನೂ ನೋಡಿ: ಮಾವೆರಿಕ್ಕಿಗೆ ಹೇರಬಹುದಾದದ್ದು ೬೮೦ ಕಿಲೋ, ಅದರಲ್ಲಿ ಕುಳಿತವರ ತೂಕವೂ ಸೇರಿತು. ನಮ್ಮ ಸಂತೆಗೆ ಬರುವ ಡೀಸೆಲ್ ಪಿಕಪ್ಪುಗಳಲ್ಲಿ ಇದರ ಎರಡರಷ್ಟು ಹೊರತಕ್ಕವು ಎಷ್ಟೋ ಇವೆ. ಅದೇ ಫೋರ್ಡಿನವರ ದೊಡ್ಡ ಪಿಕಪ್ಪು ಎಫ್-೧೫೦ರ ಹೈಬ್ರಿಡ್ಡಿನಲ್ಲಿ ಹತ್ತು ಗೇರುಗಳು ನಿಜವಾಗಿಯೂ ಇವೆ. ಹಿಂದಿನ ತೊಟ್ಟಿಯಲ್ಲಿ ೭.೨ ಕಿಲೋವಾಟಿನವರೆಗೆ ಕರೆಂಟು ಕೊಡುವ ಸಾಕೆಟ್ಟನ್ನೂ ಕೊಡುತ್ತಾರೆ. ಕೇಳಿ ಬಾಯಲ್ಲಿ ನೀರೂರಿದರೆ ತಾಳಿ, ನಮ್ಮ ಬೋರ್‌ವೆಲ್ಲಿನ ಮೋಟಾರು ಮೂರು ಫೇಸಿನದು, ಅದಕ್ಕೆ ಇದು ಕೂಡುವುದಿಲ್ಲ. ಆದ್ದರಿಂದ ಅಂಗಡಿಯವನು ಗುಂಡಿ ತೋರಿಸಿದಾಗ ಹೇರಬಹುದಾದ ತೂಕವೆಷ್ಟು, ಗೇರು ನಿಜದ್ದೋ ತೋರಿಕೆಯದೋ, ಇಳಿಜಾರಿನಲ್ಲಿ ಬಂಡಿ ಹಿಡಿಯುವುದು ಯಾವುದು, ಬ್ಯಾಟರಿ ಕೆಟ್ಟರೆ ಖರ್ಚೇನು ಎಂದು ಕೇಳಿ. ತೂಕ ಹೇರಿಕೊಂಡೇ ಓಡಿಸಿ ನೋಡುತ್ತೇನೆ ಅನ್ನಿ. ಖಾಲಿ ಬಂಡಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ.

ಅಳಿಯ ಇನ್ನೂ ಹಣ ಕಟ್ಟಿಲ್ಲ. ಹಳೆಯ ಬಂಡಿಗೇ ಬ್ರೇಕು ಹೊಸದಾಗಿ ಹಾಕಿಸಿದ್ದಾನೆ. ಮೊನ್ನೆ ಹುಣಿಸೆಹಣ್ಣು ಹೇರಿಕೊಂಡು ಅದೇ ಇಳಿಜಾರಿಗೆ ಬಂದಾಗ ನಾನು ಬಾಯಿ ಬಿಡುವ ಮುಂಚೆಯೇ ಎರಡನೆಯ ಗೇರಿಗೆ ಹಾಕಿದ. "ಸದ್ದು ಜಾಸ್ತಿ ಮಾವ" ಅಂದ. "ಇರ್ಲಿ ಬಿಡಪ್ಪ" ಅಂದೆ. ತಿರುವಿನಲ್ಲಿ ಆ ದಿನ ಕುರಿ ಇರಲಿಲ್ಲ.