ಆಧಿ ಮತ್ತು ವ್ಯಾಧಿ



ಮನುಷ್ಯನ ಕಷ್ಟಗಳನ್ನು ಹೇಳುವಾಗ ನಮ್ಮ ಹಿರಿಯರು 'ಆಧಿವ್ಯಾಧಿ' ಎಂದು ಎರಡು ಮಾತುಗಳನ್ನು ಜೋಡಿಸಿ ನುಡಿಯುತ್ತಿದ್ದರು. ಆಧಿಯೆಂದರೆ ಮನಸ್ಸಿನ ಬೇನೆ. ವ್ಯಾಧಿಯೆಂದರೆ ಮೈಯ ಬೇನೆ. ನಮ್ಮ ಆಡುಮಾತಿನಲ್ಲಿಯೂ ಇವೆರಡಕ್ಕೂ ಗಡಿಯಿಲ್ಲ. ಅಸೂಯೆಯಾದರೆ ಹೊಟ್ಟೆ ಉರಿಯುತ್ತದೆ. ದುಃಖವಾದರೆ ಎದೆ ಒಡೆಯುತ್ತದೆ. ಮಕ್ಕಳ ಸಂಕಟವನ್ನು ಕಂಡರೆ ಕರುಳು ಕಿತ್ತು ಬರುತ್ತದೆ. ಆದರೆ ನಿಜವಾಗಿ ಕಾಯಿಲೆ ಬಂದಾಗ ನಾವು ಈ ನಂಟನ್ನು ಮರೆಯುತ್ತೇವೆ. ಮೈಯನ್ನು ವೈದ್ಯನಿಗೆ ಒಪ್ಪಿಸುತ್ತೇವೆ. ಮನಸ್ಸನ್ನು ವಿಧಿಗೆ ಬಿಡುತ್ತೇವೆ. ಹೀಗೆ ಬಿಡುವುದು ಸರಿಯೇ ಎಂಬುದೇ ಈ ದಿನದ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ನಿಂತು ಕೇಳುವುದು ಉಚಿತ. ಇದು ಮಳೆಯ ದಾರಿ ಕಾಯುವ ನಾಡು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1907ರಲ್ಲಿ ಪೂರೈಸಿದ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಹೊಸದುರ್ಗ, ಹೊಳಲ್ಕೆರೆಗಳ ತೋಟದವನು ಕೊಳವೆಬಾವಿಯ ನೀರು ಇಂದು ನಿಂತೀತೋ ನಾಳೆ ನಿಂತೀತೋ ಎಂದು ಎಣಿಸುತ್ತ ಮಲಗುತ್ತಾನೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯುಂಟಷ್ಟೆ; ಚಿಂತೆಯುಳ್ಳವನಿಗೆ ಸ್ವಂತ ಮನೆಯಲ್ಲೂ ನಿದ್ದೆಯಿಲ್ಲ. ಈ ನಿದ್ದೆಗೇಡು ದೇಹಕ್ಕೆ ಏನು ಮಾಡುತ್ತದೆ?

ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಪ್ರಕಟಿಸಿದ ಒಂದು ಸಣ್ಣ ಲೇಖನದಿಂದ ಈ ವಿಚಾರಕ್ಕೆ ಹೊಸ ದಾರಿ ತೆರೆಯಿತು. ಅಪಾಯವನ್ನು ಕಂಡೊಡನೆ ಮಿದುಳು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಅವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಹಾವನ್ನು ಕಂಡು ಹಾರಿ ಓಡಬೇಕಾದವನಿಗೆ ಇದು ಉಪಕಾರವೇ ಸರಿ. ಆದರೆ ಸಾಲವು ಹಾವಿನಂತೆ ಪೊದೆಗೆ ಹೋಗುವುದಿಲ್ಲ. ಬೆಳಗ್ಗೆ ಎದ್ದರೂ ಎದುರಿಗಿರುತ್ತದೆ. ಗಳಿಗೆಯ ಕೆಲಸಕ್ಕೆಂದು ಇಟ್ಟ ಕಾವಲುಗಾರ ವರ್ಷವೆಲ್ಲ ಕೂಗುತ್ತಿದ್ದರೆ ಮನೆಯವರ ಆರೋಗ್ಯ ಉಳಿದೀತೆ?

ಇದು ಬರಿಯ ಊಹೆಯಲ್ಲ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಷೆಲ್ಡನ್ ಕೋಹೆನ್ ಮತ್ತು ಸಂಗಡಿಗರು 394 ಮಂದಿ ಆರೋಗ್ಯವಂತರ ಮೂಗಿಗೆ, ಅವರ ಒಪ್ಪಿಗೆಯಿಂದ, ನೆಗಡಿಯ ವೈರಸ್ಸನ್ನು ಹನಿಸಿದರು. ಮನಸ್ಸಿನ ಒತ್ತಡ ಹೆಚ್ಚಿದಷ್ಟೂ ನೆಗಡಿ ಹಿಡಿದವರ ಪ್ರಮಾಣವೂ ಹೆಚ್ಚಿತು. 1995ರಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಎಂಬ ವಿದುಷಿಯು, ಬುದ್ಧಿಭ್ರಮಣೆಗೊಳಗಾದ ವೃದ್ಧರ ಶುಶ್ರೂಷೆ ಮಾಡುತ್ತಿದ್ದ 13 ಮಂದಿ ಸ್ತ್ರೀಯರನ್ನೂ ಅಂಥ ಹೊರೆಯಿಲ್ಲದ 13 ಮಂದಿಯನ್ನೂ ಪರೀಕ್ಷಿಸಿದಳು. ಇಬ್ಬಗೆಯವರ ತೋಳಿನಲ್ಲಿಯೂ ಒಂದೇ ಅಳತೆಯ ಚಿಕ್ಕ ಗಾಯ. ಶುಶ್ರೂಷೆಯವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನಮ್ಮ ಸೊಸೆಯರನ್ನೂ ಹೆಣ್ಣುಮಕ್ಕಳನ್ನೂ ಈ ಸಂಖ್ಯೆಯ ಬೆಳಕಿನಲ್ಲಿ ನೋಡಬೇಕು.

ಇನ್ನು ಗುಂಡಿಗೆಯ ವಿಚಾರ. 2004ರಲ್ಲಿ 52 ದೇಶಗಳ ದೊಡ್ಡ ಸಂಶೋಧನೆಯೊಂದು ಪ್ರಕಟವಾಯಿತು; ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಅದರಲ್ಲಿ ಪಾಲ್ಗೊಂಡಿತ್ತು. ಹೃದಯಾಘಾತಕ್ಕೊಳಗಾದ 11,119 ಮಂದಿಯನ್ನು 13,648 ಮಂದಿ ಇತರರೊಡನೆ ಹೋಲಿಸಿದಾಗ, ವರ್ಷವಿಡೀ ಎಡೆಬಿಡದ ಒತ್ತಡ ಅನುಭವಿಸಿದ್ದವರಲ್ಲಿ ಹೃದಯಾಘಾತದ ಸಂಭವ ಸುಮಾರು ಎರಡು ಪಟ್ಟು ಇತ್ತು. ಇದಕ್ಕೂ ಮುನ್ನ, 1993ರಲ್ಲಿ, ಮಾಂಟ್ರಿಯಲ್ ನಗರದ ವೈದ್ಯರು ಹೃದಯಾಘಾತದಿಂದ ಬದುಕುಳಿದ 222 ರೋಗಿಗಳನ್ನು ಆರು ತಿಂಗಳು ಗಮನಿಸಿದ್ದರು. ಖಿನ್ನತೆಯುಳ್ಳವರಲ್ಲಿ ಮರಣದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಕಂಡಿತು. ತೀವ್ರ ದುಃಖದ ಗಳಿಗೆಯಲ್ಲಿ ಗುಂಡಿಗೆಯ ಕೆಳಭಾಗ ಉಬ್ಬಿ ಬಲಗುಂದುವ ಒಂದು ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿದರು. ಎದೆ ಒಡೆಯಿತೆಂಬ ನಮ್ಮ ಅಜ್ಜಿಯರ ಮಾತು ಬರಿಯ ಅಲಂಕಾರವಲ್ಲವೆಂದಾಯಿತು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಒಂದು: 'ಎಲ್ಲವೂ ಮನಸ್ಸಿನದೇ' ಎಂದು ರೋಗಿಯನ್ನು ಬಯ್ಯುವುದು ವಿಜ್ಞಾನವಲ್ಲ, ನಿರ್ದಯೆ. ನೋವು ಚಿಂತೆಯಿಂದ ಹೆಚ್ಚಿದರೂ ನೋವೇ. ಎರಡು: ಮನಸ್ಸನ್ನು ತಿದ್ದಿದರೆ ಮೈ ತಾನಾಗಿ ಸರಿಹೋಗುವುದೆಂಬ ಆಸೆಯೂ ಅತಿಯಾದೀತು. ಅಮೆರಿಕದಲ್ಲಿ 2,481 ಮಂದಿ ಹೃದ್ರೋಗಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆಪ್ತ ಸಮಾಲೋಚನೆಯಿಂದ ಖಿನ್ನತೆ ಕಡಮೆಯಾಯಿತು. ಆದರೆ ಮರಣಗಳಾಗಲಿ ಎರಡನೆಯ ಹೃದಯಾಘಾತಗಳಾಗಲಿ ಕಡಮೆಯಾಗಲಿಲ್ಲ.

ಹಾಗಾದರೆ ಫಲ ಕೊಡುವ ಮಾರ್ಗ ಯಾವುದು? ಎರಡಕ್ಕೂ ಒಂದೇ ಸೂರಿನಡಿ ಚಿಕಿತ್ಸೆ ಮಾಡುವುದು. ಮಧುಮೇಹವೂ ಖಿನ್ನತೆಯೂ ಒಟ್ಟಿಗಿದ್ದ 404 ಮಂದಿ ರೋಗಿಗಳನ್ನು ನಮ್ಮ ದೇಶದ ನಾಲ್ಕು ಚಿಕಿತ್ಸಾಲಯಗಳಲ್ಲಿ, ಬೆಂಗಳೂರಿನದೂ ಸೇರಿ, ಎರಡು ವರ್ಷ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆ, ರಕ್ತದೊತ್ತಡ, ಮನಸ್ಸು ಮೂರನ್ನೂ ಜೊತೆಯಾಗಿ ನೋಡಿಕೊಂಡಲ್ಲಿ, ಖಿನ್ನತೆಯಲ್ಲಿಯೂ ದೇಹಸ್ಥಿತಿಯಲ್ಲಿಯೂ ಕೂಡಿಯೇ ಸುಧಾರಣೆ ಪಡೆದವರು ಹೆಚ್ಚಾಗಿದ್ದರು. ಖಿನ್ನನಾದವನು ಮಾತ್ರೆ ಮರೆಯುತ್ತಾನೆ, ನಡೆದಾಡುವುದನ್ನು ಬಿಡುತ್ತಾನೆ, ಬೀಡಿ ಹೆಚ್ಚಿಸುತ್ತಾನೆ; ಸಕ್ಕರೆ ಏರುತ್ತದೆ; ಅದರಿಂದ ಇನ್ನಷ್ಟು ಖಿನ್ನನಾಗುತ್ತಾನೆ. ಈ ಗಾಣವನ್ನು ಒಂದೇ ಕಡೆಯಿಂದ ನಿಲ್ಲಿಸಲಾಗದು.

ಇದರ ಮಗ್ಗುಲು ಇನ್ನೂ ಕರುಣಾಜನಕ. ತೀವ್ರ ಮನೋರೋಗವುಳ್ಳವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಬಹುಮಟ್ಟಿಗೆ ಹೃದ್ರೋಗ, ಶ್ವಾಸರೋಗ ಮುಂತಾದ ದೇಹದ ಕಾಯಿಲೆಗಳಿಂದಲೇ. ಹುಚ್ಚನೆಂದು ಕರೆಸಿಕೊಂಡವನು ಎದೆನೋವೆಂದರೆ ನಂಬುವವರಾರು?

ಈ ವಿಷಯದಲ್ಲಿ ನಮ್ಮ ನಾಡಿಗೆ ಹೆಮ್ಮೆಯ ಪರಂಪರೆಯುಂಟು. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಮೈಸೂರು ಸಂಸ್ಥಾನವು 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. ಅದರ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು 1985ರಿಂದ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ ಚಿಕಿತ್ಸೆಯನ್ನು ಕಲಿಸಿ ತೋರಿಸಿದರು. 1996ರಲ್ಲಿ ಭಾರತ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿಯೇ.

ಆದರೂ ಕೊರತೆ ದೊಡ್ಡದು. 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಅಸ್ವಸ್ಥತೆಯಿತ್ತು. ಕಾಯಿಲೆಯ ಬಗೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇವರೆಲ್ಲ ವೈದ್ಯರ ಬಳಿಗೆ ಹೋಗಲಿಲ್ಲವೆಂದಲ್ಲ. ತಲೆನೋವೆಂದೂ ಹೊಟ್ಟೆಯ ಸಂಕಟವೆಂದೂ ಮೈಯೆಲ್ಲ ಉರಿಯೆಂದೂ ಹೋದವರು ಎಷ್ಟೋ ಮಂದಿ. ನೋವಿನ ಸೂಜಿ ಚುಚ್ಚಿಸಿಕೊಂಡು ಮರಳಿದರು.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟು. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕೆ ಮೀರಿ ನಿದ್ದೆ, ಹಸಿವು, ಉತ್ಸಾಹಗಳು ಕುಂದಿದ್ದರೆ ಅದನ್ನು ಸೋಮಾರಿತನವೆನ್ನಬೇಡಿ. ವೈದ್ಯರ ಮುಂದೆ ಮೈಯ ಜೊತೆಗೆ ಅದನ್ನೂ ಹೇಳಿ. ಮನೋರೋಗಕ್ಕೆ ಔಷಧ ಪಡೆಯುವವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ದೇವರಿಗೆ ಹರಕೆ ಹೊರುವುದಾದರೆ ಹೊರಿ. ಆಸ್ಪತ್ರೆಯ ದಾರಿಯನ್ನು ಮಾತ್ರ ಮುಚ್ಚಬೇಡಿ. 2014ರಲ್ಲಿ ಕರ್ನಾಟಕ ಸರ್ಕಾರವು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವಂತೆ 'ಮನೋಚೈತನ್ಯ' ಎಂಬ ಯೋಜನೆಯನ್ನು ಆರಂಭಿಸಿತು. ನಿಮ್ಮ ಆಸ್ಪತ್ರೆಗೆ ಅವರು ಬರುವ ದಿನವನ್ನು ಕೇಳಿ ತಿಳಿಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆಮಾಡಬಹುದು.

ಮಳೆ ನಮ್ಮ ಕೈಯಲ್ಲಿಲ್ಲ. ಮಳೆಯ ದಾರಿ ಕಾಯುವವನ ಪಕ್ಕದಲ್ಲಿ ಕುಳಿತು, 'ನಿನಗೆ ನಿದ್ದೆ ಬರುತ್ತಿದೆಯೇನಪ್ಪ?' ಎಂದು ಕೇಳುವುದು ನಮ್ಮ ಕೈಯಲ್ಲಿದೆ.