ಟಂಕಾರವಿಲ್ಲದ ಬಿಲ್ಲು

ನಮ್ಮ ಕಾವ್ಯಗಳಲ್ಲಿ ಬಿಲ್ಲಿಗೆ ದನಿಯುಂಟು. ವೀರನು ಹೆದೆಯೇರಿಸಿ ಮಿಡಿದನೆಂದರೆ ದಿಕ್ಕುಗಳು ಮೊಳಗಬೇಕು, ಶತ್ರುಗಳ ಎದೆ ನಡುಗಬೇಕು. ಗಾಂಡೀವದ ಟಂಕಾರವನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ನನಗೆ, ಇಂದಿನ ಬಿಲ್ಲುಗಾರರು ಅದನ್ನು ಬಿಲ್ಲಿನ ದೋಷವೆಂದು ಎಣಿಸುವುದು ಮೊದಮೊದಲು ವಿಚಿತ್ರವೆನಿಸಿತು. ಆದರೆ ಅವರ ಮಾತಿನಲ್ಲಿ ನ್ಯಾಯವಿದೆ. ಬಿಲ್ಲು ದನಿಗೈದಷ್ಟೂ, ಕಂಪಿಸಿದಷ್ಟೂ, ಬಾಣಕ್ಕೆ ಸಲ್ಲಬೇಕಾದ ಶಕ್ತಿ ಸೋರಿಹೋಯಿತೆಂದೇ ಅರ್ಥ.

ಹಳೆಯ ಬಿಲ್ಲಿನ ನಡತೆ ಸರಳ; ಎಳೆದಷ್ಟೂ ಬಿಗಿ. ಹೆದೆ ಕೆನ್ನೆಯ ಬಳಿಗೆ ಬಂದಾಗ, ಅಂದರೆ ಗುರಿಯನ್ನು ನಿಟ್ಟಿಸಲು ಮೈಮನಸ್ಸುಗಳು ನಿಶ್ಚಲವಾಗಿರಬೇಕಾದ ಗಳಿಗೆಯಲ್ಲೇ, ತೋಳಿನ ಮೇಲೆ ಪೂರ್ಣಭಾರ. ಅಮೆರಿಕದ ಮಿಸೌರಿ ರಾಜ್ಯದ ಹಾಲಿಸ್ ವಿಲ್ಬರ್ ಆಲೆನ್ ಈ ನಿಯಮವನ್ನೇ ತಿರುವುಮುರುವು ಮಾಡಿದರು. ಅವರು 1966ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1969ರಲ್ಲಿ ಅದು ದೊರೆಯಿತು. ಕಾಂಪೌಂಡ್ ಬಿಲ್ಲು ಹುಟ್ಟಿದ್ದು ಹೀಗೆ.

ಅದರ ಗುಟ್ಟು ತೋಳುಗಳ ತುದಿಯಲ್ಲಿರುವ ರಾಟೆಗಳಲ್ಲಿದೆ. ನಮ್ಮ ಬಾವಿಯ ರಾಟೆಗೆ ಅಚ್ಚು ನಟ್ಟನಡುವೆ ಇರುತ್ತದೆ. ಆಲೆನ್ನರ ರಾಟೆಗೆ ಅಚ್ಚು ಒಂದು ಬದಿಗೆ. ಹೆದೆಯನ್ನು ಸೆಳೆದಂತೆ ಈ ವಕ್ರಚಕ್ರ ತಿರುಗುತ್ತದೆ; ಒಂದು ಹಂತ ದಾಟಿದ ಮೇಲೆ ಸನ್ನೆಯ ಅನುಕೂಲ ಸೆಳೆಯುವವನ ಕಡೆಗೆ ವಾಲುತ್ತದೆ. 60 ಪೌಂಡಿನ, ಅಂದರೆ ಸುಮಾರು 27 ಕಿಲೋಗ್ರಾಮಿನ ಬಿಲ್ಲಿನಲ್ಲಿ ನೂರಕ್ಕೆ 75ರಷ್ಟು ಭಾರ ಇಳಿಯುವ ಏರ್ಪಾಡಿದ್ದರೆ, ಪೂರ್ಣ ಸೆಳೆತದಲ್ಲಿ ಬೆರಳುಗಳಿಗೆ ಉಳಿಯುವುದು 15 ಪೌಂಡು ಮಾತ್ರ. ಆದರೆ ತೋಳುಗಳಲ್ಲಿ ಕೂಡಿಟ್ಟ ಶಕ್ತಿ ಎಲ್ಲಿಗೂ ಹೋಗಿಲ್ಲ. ಹೆದೆ ಬಿಟ್ಟೊಡನೆ ಅದು ಬಾಣದ ಬೆನ್ನಿಗೆ ನಿಲ್ಲುತ್ತದೆ.

ವೇಗಕ್ಕೆ ಬೆಲೆಯುಂಟು. ಚಕ್ರದ ಆಕಾರವನ್ನು ತೀಕ್ಷ್ಣಗೊಳಿಸಿದರೆ ಭಾರ ಬೇಗ ಏರಿ, ಬಹುದೂರ ಏರಿದಂತೆಯೇ ಉಳಿದು, ಕೊನೆಗೆ ಥಟ್ಟನೆ ಇಳಿಯುತ್ತದೆ. ಶಕ್ತಿ ಹೆಚ್ಚು ಸಂಚಯವಾಗುತ್ತದೆ, ಸೆಳೆತ ಮಾತ್ರ ಒರಟಾಗುತ್ತದೆ. ಹಿಡಿಗೂ ಹೆದೆಗೂ ನಡುವಣ ಅಂತರವನ್ನು ಕಿರಿದುಗೊಳಿಸಿದರೆ ಬಾಣವನ್ನು ದೂಡುವ ಹಾದಿ ಉದ್ದವಾಗಿ ವೇಗ ಹೆಚ್ಚುತ್ತದೆ. ಆದರೆ ಬಾಣ ಹೆದೆಯನ್ನು ಬಿಡುವುದು ತಡವಾಗುವುದರಿಂದ ಕೈಯ ಸಣ್ಣ ನಡುಕವೂ ಅದಕ್ಕೆ ಅಂಟಿಕೊಳ್ಳುತ್ತದೆ. ತಯಾರಕರು ಸಾರುವ ಸೆಕೆಂಡಿಗೆ 300 ಅಡಿಗೂ ಮೀರಿದ ವೇಗ, 70 ಪೌಂಡಿನ ಬಿಲ್ಲು, 30 ಅಂಗುಲದ ಸೆಳೆತ, 350 ಗ್ರೇನ್ ತೂಕದ ಹಗುರ ಬಾಣ ಇವುಗಳಿಂದ ಅಳೆದದ್ದು. ಕಿರಿದಾದ ತೋಳಿನವನಿಗೆ ಆ ಅಂಕಿ ದಕ್ಕುವುದಿಲ್ಲ.

ಇನ್ನು ಕಂಪನ. ಬಾಣ ಹೊರಟುಹೋದ ಮೇಲೂ ತೋಳು, ಚಕ್ರ, ಹೆದೆಗಳಲ್ಲಿ ಚಲನೆ ಉಳಿದಿರುತ್ತದೆ. ಹಗುರ ಬಾಣ ಬೇಗ ಓಡುತ್ತದೆ, ಆದರೆ ಶಕ್ತಿಯ ಕಡಿಮೆ ಪಾಲನ್ನು ಒಯ್ಯುತ್ತದೆ. ಉಳಿದುದು ಬಿಲ್ಲುಗಾರನ ಮಣಿಕಟ್ಟಿಗೆ. ಭಾರದ ಬಾಣ ನಿಧಾನ, ಆದರೆ ಬಿಲ್ಲು ಮೌನ. ಬಾಣವೇ ಇಲ್ಲದೆ ಹೆದೆಯನ್ನು ಸೆಳೆದು ಬಿಟ್ಟರೆ ಬಿಲ್ಲೇ ಮುರಿದೀತು. ಕಾವ್ಯವೀರರ ಬರಿಯ ಟಂಕಾರ ಇಲ್ಲಿ ಸಲ್ಲದು! ಹಿಂದಿನ ಬಿಲ್ಲುಗಳಲ್ಲಿ ಎರಡು ತೋಳುಗಳೂ ಒಟ್ಟಾಗಿ ಮುಂದಕ್ಕೆ ಚಿಮ್ಮಿ ಕೈಯನ್ನು ಜಗ್ಗುತ್ತಿದ್ದವು. ಈಗ ಅವುಗಳನ್ನು ಹೆಚ್ಚು ಕಡಿಮೆ ಸಮಾನಾಂತರವಾಗಿ ಮಲಗಿಸುತ್ತಾರೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಚಿಮ್ಮುವುದರಿಂದ ಒಂದರ ಹೊಡೆತವನ್ನು ಇನ್ನೊಂದು ಅಳಿಸುತ್ತದೆ. ಅಳಿಯದೆ ಉಳಿದುದನ್ನು ರಬ್ಬರಿನ ತುಂಡುಗಳೂ ಮುಂದೆ ಚಾಚಿದ ಭಾರದ ದಂಡವೂ ತಣಿಸುತ್ತವೆ.

‘ಎಲ್ಲವನ್ನೂ ಯಂತ್ರವೇ ಮಾಡಿದರೆ ಬಿಲ್ಲುಗಾರನ ಹಿರಿಮೆಯೇನು?’ ಎಂದು ಕೇಳುವವರಿದ್ದಾರೆ. ಸ್ಪರ್ಧೆಯಲ್ಲಿ ಅವನಿಂದ 50 ಮೀಟರ್ ದೂರದಲ್ಲಿ, ಹತ್ತು ಅಂಕದ ವೃತ್ತಕ್ಕೆ ಇರುವ ಅಡ್ಡಳತೆ 8 ಸೆಂಟಿಮೀಟರು. ಯಂತ್ರ ಇಳಿಸಿದ್ದು ಸ್ನಾಯುವಿನ ಭಾರವನ್ನು, ಮನಸ್ಸಿನ ಭಾರವನ್ನಲ್ಲ.

ಇನ್ನೊಂದು ಉತ್ತರ ಜಮ್ಮುವಿನ ಕಿಷ್ತವಾಡದಿಂದ ಬಂದಿದೆ. ಹುಟ್ಟಿನಿಂದಲೇ ತೋಳುಗಳಿಲ್ಲದ ಶೀತಲ್ ದೇವಿ ಕುರ್ಚಿಯಲ್ಲಿ ಕುಳಿತು, ಬಲಗಾಲಿನಿಂದ ಬಿಲ್ಲನ್ನು ಹಿಡಿದು, ಹೆದೆಗೆ ಸಿಕ್ಕಿಸಿದ ಕೊಂಡಿಯನ್ನು ಬಲಭುಜದಿಂದ ಸೆಳೆದು, ದವಡೆಯ ಚಲನೆಯಿಂದ ಬಾಣ ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರರೊಂದಿಗೆ ಮಿಶ್ರ ತಂಡದ ಕಂಚಿನ ಪದಕ ಗೆದ್ದರು. ಪೂರ್ಣ ಸೆಳೆತದಲ್ಲಿ ಭಾರವಿಳಿಸುವ ಬಿಲ್ಲು ಇಲ್ಲದಿದ್ದರೆ, ಕಾಲನ್ನು ಹಾಗೆ ಚಾಚಿ ನಿಶ್ಚಲವಾಗಿ ಗುರಿ ನೋಡುವುದು ಎಷ್ಟು ಕಠಿನವಾಗುತ್ತಿತ್ತು! ಏಕಲವ್ಯನ ಕಥೆಯಲ್ಲಿ ಒಂದು ಹೆಬ್ಬೆರಳು ಹೋದದ್ದೇ ವಿದ್ಯೆಯ ಹಾನಿಯಾಯಿತು. ಇಲ್ಲಿ ಕೈಗಳೇ ಇಲ್ಲದವರಿಗೆ ವಿದ್ಯೆ ಒಲಿದಿದೆ.

ಆದುದರಿಂದ ಒಳ್ಳೆಯ ಬಿಲ್ಲು ಯಾವುದೆಂದು ಕೇಳಿದರೆ, ಅತಿ ವೇಗದ್ದೆಂದು ನಾನು ಹೇಳಲಾರೆ. ತನ್ನನ್ನು ಹಿಡಿದವರ ಅಳತೆಗೆ ಒಗ್ಗಿ, ಕೊಟ್ಟ ಶಕ್ತಿಯನ್ನು ಬಾಣಕ್ಕೆ ಒಪ್ಪಿಸಿ, ಬಳಿಕ ಸುಮ್ಮನಿರುವುದು ಒಳ್ಳೆಯ ಬಿಲ್ಲು.