ಸಮೋನ್ನತಿ ರೇಖೆಗಳಿಂದ ಮಣ್ಣಿನ ಲೆಕ್ಕ

ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ನಕ್ಷೆಯಲ್ಲಿ ಕೂಡಿಸುವ ಗೆರೆಗೆ ಸಮೋನ್ನತಿ ರೇಖೆ ಎಂದು ಹೆಸರು. ಎಂಜಿನಿಯರುಗಳ ಬಾಯಲ್ಲಿ ಅದು ಕಂಟೂರು. ನೆಲದ ಏರಿಳಿತವನ್ನು ತೋರಿಸುವುದಷ್ಟೇ ಅಲ್ಲದೆ, ಅಗೆಯಬೇಕಾದ ಅಥವಾ ತುಂಬಬೇಕಾದ ಮಣ್ಣು ಎಷ್ಟು ಘನ ಮೀಟರ್ ಎಂಬುದನ್ನು ಹೇಳುವ ಶಕ್ತಿಯೂ ಈ ರೇಖೆಗಳಿಗೆ ಇದೆ. ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟವು ತೂಗುಗುಂಡನ್ನು ತನ್ನತ್ತ ಎಷ್ಟು ಸೆಳೆಯುತ್ತದೆ ಎಂಬುದನ್ನು ಖಗೋಳಜ್ಞ ನೆವಿಲ್ ಮ್ಯಾಸ್ಕಲಿನ್ 1774ರಲ್ಲಿ ಅಳೆದ ಮೇಲೆ, ಆ ಬೆಟ್ಟದ ಗಾತ್ರವನ್ನು ಲೆಕ್ಕ ಹಾಕುವ ಹೊಣೆ ಗಣಿತಜ್ಞ ಚಾರ್ಲ್ಸ್ ಹಟ್ಟನ್‌ನ ಪಾಲಿಗೆ ಬಂದಿತು. ನಕ್ಷೆಯಲ್ಲಿ ಚದುರಿದ್ದ ಎತ್ತರಗಳಲ್ಲಿ ಸಮನಾದವುಗಳನ್ನು ಆತನು ಗೆರೆಗಳಿಂದ ಕೂಡಿಸಿಕೊಂಡು ಲೆಕ್ಕವನ್ನು ಮುಗಿಸಿದ್ದರಿಂದಲೇ, ಭೂಮಿಯ ಸರಾಸರಿ ಸಾಂದ್ರತೆಯು ನೀರಿನ ಸುಮಾರು ನಾಲ್ಕೂವರೆ ಪಟ್ಟು ಎಂಬ ಅಂದಾಜು 1778ರಲ್ಲಿ ಪ್ರಕಟವಾಯಿತು.

ಕೈಲೆಕ್ಕದ ಕ್ರಮ ಸರಳವಾದುದು. ಸಮತಟ್ಟು ಮಾಡಬೇಕಾದ ಒಂದು ದಿಬ್ಬದಲ್ಲಿ ಒಂದೊಂದು ಮೀಟರ್ ಅಂತರಕ್ಕೆ ಮೂರು ಸಮೋನ್ನತಿ ರೇಖೆಗಳಿದ್ದು, ಅವು ಸುತ್ತುವರಿದ ಕ್ಷೇತ್ರಫಲಗಳು ಕೆಳಗಿನಿಂದ ಮೇಲಕ್ಕೆ 4000, 2500 ಮತ್ತು 1200 ಚದರ ಮೀಟರ್ ಎಂದು ಭಾವಿಸಿದರೆ, ಎರಡೆರಡು ಕ್ಷೇತ್ರಫಲಗಳ ಸರಾಸರಿಯನ್ನು ಅಂತರದಿಂದ ಗುಣಿಸಿ ಕೂಡಿದಾಗ 5100 ಘನ ಮೀಟರ್ ಬರುತ್ತದೆ. ನಡುವಿನ ಕ್ಷೇತ್ರಫಲಕ್ಕೆ ನಾಲ್ಕು ಪಟ್ಟು ತೂಕ ಕೊಡುವ ಪ್ರಿಸ್ಮಾಯ್ಡಲ್ ಸೂತ್ರವನ್ನು ಬಳಸಿದರೆ ಇದೇ ಮೊತ್ತ ಸುಮಾರು 5067ಕ್ಕೆ ಇಳಿಯುತ್ತದೆ.

ಕಂಪ್ಯೂಟರ್ ವಿನ್ಯಾಸ ತಂತ್ರಾಂಶ ಹಿಡಿಯುವ ದಾರಿ ಬೇರೆ. ಅದು ರೇಖೆಗಳ ಮೇಲಿನ ಬಿಂದುಗಳನ್ನು ಆಯ್ದುಕೊಂಡು, ರಷ್ಯಾದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ನಿರೂಪಿಸಿದ ನಿಯಮದಂತೆ, ಸೀಳಿನಂತೆ ಸಪೂರವಾದ ತ್ರಿಕೋನಗಳು ಆದಷ್ಟು ಬಾರದ ಹಾಗೆ ಇಡೀ ನೆಲವನ್ನು ತ್ರಿಕೋನಗಳ ಬಲೆಯಾಗಿ ಹೆಣೆಯುತ್ತದೆ. ಇರುವ ನೆಲಕ್ಕೊಂದು, ಆಗಬೇಕಾದ ನೆಲಕ್ಕೊಂದು ಹೀಗೆ ಎರಡು ಮೇಲ್ಮೈಗಳು ಸಿದ್ಧವಾದ ಮೇಲೆ, ಅವುಗಳ ನಡುವಿನ ಜಾಗವನ್ನು ತ್ರಿಕೋನ ತಳದ ಕಂಬಗಳಾಗಿ ವಿಭಾಗಿಸಿ, ಪ್ರತಿ ಕಂಬದ ತಳದ ಕ್ಷೇತ್ರಫಲವನ್ನು ಮೂರು ಮೂಲೆಗಳ ಸರಾಸರಿ ಎತ್ತರದಿಂದ ಗುಣಿಸಿ, ಅಗೆತವನ್ನೂ ಭರ್ತಿಯನ್ನೂ ಬೇರೆ ಬೇರೆಯಾಗಿ ಕೂಡಿಸಿ ಕೊಡುತ್ತದೆ.

ಇಷ್ಟು ನಿಖರವಾದ ಗುಣಾಕಾರವೂ ದಿಬ್ಬದ ನೆತ್ತಿಯಲ್ಲಿ ಎಡವುತ್ತದೆ. ಮೇಲಿನ ರೇಖೆಯ ಒಳಗೆ ಬೇರೆ ಯಾವ ಎತ್ತರವೂ ದಾಖಲಾಗಿಲ್ಲವಾದ್ದರಿಂದ, ತ್ರಿಕೋನದ ಮೂರೂ ಮೂಲೆಗಳು ಅದೇ ರೇಖೆಯ ಮೇಲೆ ಕೂರುತ್ತವೆ. ದಿಬ್ಬದ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಮೇಲೆ ಹೇಳಿದ ದಿಬ್ಬದ ನೆತ್ತಿಯು ಕೊನೆಯ ರೇಖೆಗಿಂತ 60 ಸೆಂಟಿಮೀಟರ್ ಎತ್ತರವಾಗಿ ಶಂಕುವಿನಂತೆ ಇದ್ದರೆ, 240 ಘನ ಮೀಟರ್ ಮಣ್ಣು ಲೆಕ್ಕದಿಂದಲೇ ಜಾರಿಹೋಗುತ್ತದೆ. ಎರಡು ಸೂತ್ರಗಳ ನಡುವಿನ ವ್ಯತ್ಯಾಸ ಕೇವಲ 33 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಸೂತ್ರ, ಯಾವ ತಂತ್ರಾಂಶ ಎಂಬ ಚರ್ಚೆಗಿಂತ ನೆತ್ತಿಯಲ್ಲೊಂದು ಅಳತೆ ತೆಗೆದುಕೊಳ್ಳುವುದು ಎಷ್ಟು ಮುಖ್ಯವೆಂಬುದು ಮನವರಿಕೆಯಾಗುತ್ತದೆ. ಹಳ್ಳದ ತಳದಲ್ಲಿ ಇದೇ ದೋಷ ತಿರುಗುಮುರುಗಾಗಿ, ಇಲ್ಲದ ಮಣ್ಣನ್ನು ಇದೆ ಎಂದು ತೋರಿಸುತ್ತದೆ. ಅಲ್ಲಿ ಹಳ್ಳದ ಉದ್ದಕ್ಕೂ ಅಳೆದ ಎತ್ತರಗಳನ್ನು ಕೂಡಿಸಿ ಬ್ರೇಕ್‌ಲೈನ್ ಎಳೆದರೆ ತ್ರಿಕೋನಗಳು ಅದನ್ನು ದಾಟಿಹೋಗುವುದಿಲ್ಲ. ಇನ್ನು, ಹಳೆಯ ಕಾಗದದ ನಕ್ಷೆಯಿಂದ ತಂತ್ರಾಂಶಕ್ಕೆ ನಕಲು ಮಾಡಿಕೊಂಡ ರೇಖೆಗಳಿಗೆ ಎತ್ತರವನ್ನು ತುಂಬದೆ ಬಿಟ್ಟರೆ ಎಲ್ಲವೂ ಸೊನ್ನೆಯ ಮಟ್ಟದಲ್ಲೇ ಮಲಗಿರುತ್ತವೆ.

ಇಷ್ಟೆಲ್ಲ ಆಗಿ ಬಂದ ಮೊತ್ತವೂ ನೆಲದಲ್ಲಿ ಗಟ್ಟಿಯಾಗಿ ಕುಳಿತ ಮಣ್ಣಿನದು. ಅಗೆದ ಮಣ್ಣು ಸಡಿಲಗೊಂಡು ಹಿಗ್ಗುವುದರಿಂದ, ನಾಲ್ಕರಲ್ಲೊಂದು ಪಾಲಿನಷ್ಟು ಹಿಗ್ಗುವ ಮಣ್ಣಿನಲ್ಲಿ 1000 ಘನ ಮೀಟರ್ ಅಗೆತಕ್ಕೆ ಟಿಪ್ಪರುಗಳಲ್ಲಿ 1250 ಘನ ಮೀಟರ್ ಸಾಗಿಸಬೇಕಾಗುತ್ತದೆ. ಆದುದರಿಂದ ದರ ನಿಗದಿಯಾಗುವುದು ನೆಲದ ಅಳತೆಗೋ ಲೋಡಿನ ಅಳತೆಗೋ ಎಂಬುದನ್ನು ಟೆಂಡರಿನಲ್ಲೇ ಬರೆದಿರಬೇಕು.